ಬೋರ್ಡಿನ ಬಲಮೂಲೆ

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಬೋರ್ಡಿನ ಮುಂದೆ ಕೈ ನಡುಗುವುದು ಎಷ್ಟು ವರ್ಷಕ್ಕೆ ನಿಲ್ಲುತ್ತದೆ ಎಂಬುದು. ನಿಂತ ಮೇಲೆ ತಿಳಿಸುತ್ತೇನೆ ಎಂದು ಹೇಳುತ್ತ ಬಂದೆ. ಈಗ ನಿವೃತ್ತಳಾಗಿದ್ದೇನೆ. ತಿಳಿಸುವ ಪ್ರಸಂಗ ಬರಲಿಲ್ಲ.

ಪುಣೆಯ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದವರಿಗೆ ಕ್ವಾಂಟಮ್ ಮೆಕ್ಯಾನಿಕ್ಸ್ ಮತ್ತು ಸಾಪೇಕ್ಷತೆಯ ಲೆಕ್ಕ ಬಿಡಿಸುವ ತರಗತಿ ನಡೆಸುವುದು ನನ್ನ ಕೆಲಸವಾಗಿತ್ತು. ಪಾಠ ಹೇಳುವವರು ಬೇರೆ ಇದ್ದರು. ಅವರು ಸಿದ್ಧಮಾಡಿಕೊಂಡು ಬಂದದ್ದನ್ನು ಹೇಳಿ, ಗಂಟೆಯಾದ ಕೂಡಲೇ ಹೊರಡಬಹುದು. ಲೆಕ್ಕದ ತರಗತಿಯಲ್ಲಿ ಪ್ರಶ್ನೆ ಹುಡುಗರ ಕೈಯಲ್ಲಿರುತ್ತದೆ. ಯಾವುದೋ ಪುಸ್ತಕದ ಅಧ್ಯಾಯದ ಕೊನೆಯಲ್ಲಿ ಅಡಗಿ ಕುಳಿತ ಒಂದನ್ನು ಎಬ್ಬಿಸಿಕೊಂಡು ಬರುತ್ತಾರೆ. ಅದನ್ನು ಅಲ್ಲೇ, ಅವರ ಕಣ್ಣೆದುರೇ ಬಿಡಿಸಬೇಕು. ಬಿಬವೇವಾಡಿಯ ಮನೆಯಿಂದ ಬಸ್ಸಿನಲ್ಲಿ ಹೋಗುವಾಗ ದಿನವೂ ಒಂದೇ ಪ್ರಾರ್ಥನೆ ಮಾಡುತ್ತಿದ್ದೆ: ಇವತ್ತು ಹುಡುಗರು ಓದಿಕೊಂಡು ಬಾರದಿರಲಿ. ಶಿಕ್ಷಕಿ ಮಾಡಬಾರದ ಪ್ರಾರ್ಥನೆ. ಬಹಳ ಸಲ ಫಲಿಸುತ್ತಿತ್ತು.

ಐವತ್ತು ದಾಟಿ ಸ್ವಲ್ಪ ಕಾಲಕ್ಕೇ ಸ್ವಯಂನಿವೃತ್ತಿ ತೆಗೆದುಕೊಂಡೆ. ರಕ್ತದೊತ್ತಡ ನೋಡಿದ ಡಾಕ್ಟರು, "ಕೆಲಸ ಏನು ಮಾಡ್ತೀರಿ?" ಎಂದು ಕೇಳಿದರು. ಹೇಳಿದೆ. ಪಾಪ, ಅವರೂ ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಓದಿದ್ದವರು, ತಕ್ಷಣ ಅರ್ಥವಾಯಿತು. ಮನೆಗೆ ಬಂದು ಹೇಳಿದರೆ ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಬಿಡು ಕೆಲಸಾ. ಹೆದರೂದಕ್ಕ ಮನ್ಯಾಗೂ ಭಾಳ ಅದ. ಗ್ಯಾಸ್ ಅದ, ಲಿಫ್ಟ್ ಅದ, ನಾ ಅದೀನಿ. ಕಾಲೇಜಿಗೇ ಹೋಗಿ ಯಾಕ ಹೆದರಬೇಕು?" ಎಂದರು.

ಬಡ್ತಿ, ಶಾಲು, ಹಾರದ ವಿಷಯ ಇಲ್ಲಿಲ್ಲ. ಹೆದರಿದ ವಿಷಯಗಳೇ ಇವೆ. ಅವುಗಳಲ್ಲಿ ದೊಡ್ಡದು ಸವಿತಾ ಎಂಬ ವಿದ್ಯಾರ್ಥಿನಿಯ ಮೌಖಿಕ ಪರೀಕ್ಷೆ. ಅವಳು ಯೆರವಡಾದ ಐ.ಟಿ. ಪಾರ್ಕಿನ ಕೆಲಸ ಬಿಟ್ಟು ಭೌತಶಾಸ್ತ್ರಕ್ಕೆ ಬಂದವಳು. ಆ ಪರೀಕ್ಷೆಯಲ್ಲಿ ಆಗಲೇ ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ, ಅವಳಿಗಾಗಿ ಕಾದಿದ್ದ ಸಂಶೋಧನೆಯ ಸೀಟು ಕೈತಪ್ಪುತ್ತಿತ್ತು. ಅದನ್ನು ಹೇಳುವ ಮೊದಲು ನಮ್ಮ ಬೋರ್ಡಿನ ಬಲಮೂಲೆಯ ಕಥೆ ಹೇಳಬೇಕು. ಅದಕ್ಕೂ ಮೊದಲು ಪರಾಂಜಪೆ ಸರ್ ಕಥೆ.

ನಾನು ಸೇರಿದಾಗ ವಿಭಾಗದ ಮುಖ್ಯಸ್ಥರು ಪರಾಂಜಪೆ ಸರ್. ಸಣ್ಣ ಆಳು, ಸಣ್ಣ ದನಿ. ಬೈಯುವಾಗ ದನಿ ಇನ್ನೂ ಸಣ್ಣದಾಗುತ್ತಿತ್ತು. ಬೈಸಿಕೊಳ್ಳುವವರು ಹತ್ತಿರ ಹೋಗಿ ಕಿವಿಗೊಟ್ಟು ಬೈಸಿಕೊಳ್ಳಬೇಕಾಗುತ್ತಿತ್ತು. ನನ್ನ ಮೊದಲ ವಾರ ಅವರು ಹಿಂದಿನ ಬೆಂಚಿನಲ್ಲಿ ಬಂದು ಕುಳಿತರು. ಹುಡುಗರು ಕೊಟ್ಟದ್ದು ಸುಲಭದ ಲೆಕ್ಕ: ಓಡುತ್ತಿರುವ ಕಣದ ದಾರಿಯಲ್ಲಿ ಶಕ್ತಿಯ ಒಂದು ಮೆಟ್ಟಿಲು ಬರುತ್ತದೆ, ಎಷ್ಟು ಭಾಗ ಹಿಂದೆ ಚಿಮ್ಮುತ್ತದೆ, ಎಷ್ಟು ಭಾಗ ದಾಟುತ್ತದೆ? ಸರ್ ಕಣ್ಣು ನನ್ನ ಬೆನ್ನ ಮೇಲಿದೆ ಎಂಬ ಹೆದರಿಕೆಯಲ್ಲಿ ದಡದಡ ಬರೆದೆ. ಉತ್ತರ ಬಂತು. ಕೆಳಗೆ ಎರಡು ಗೆರೆ ಎಳೆದೆ. ಸಾತಾರಾ ಕಡೆಯ ಒಬ್ಬ ಹುಡುಗ ಬಹಳ ವಿನಯದಿಂದ ಎದ್ದು ನಿಂತ.

"ಮ್ಯಾಡಮ್, ನೂರು ಕಣ ಹೊರಟವು, ನೂರಕ್ಕಿಂತ ಜಾಸ್ತಿ ದಾಟಿದವು. ದಾರಿಯಲ್ಲಿ ಮರಿ ಹಾಕಿದವಾ?"

ಮೆಟ್ಟಿಲು ಹತ್ತಿದ ಕಣದ ವೇಗ ಕಡಿಮೆಯಾಗಿರುತ್ತದೆ, ಆ ವೇಗದ ಅನುಪಾತದಿಂದ ಗುಣಿಸಬೇಕು. ನಾನು ಬಿಟ್ಟಿದ್ದೆ. ಭೌತಶಾಸ್ತ್ರದವರಲ್ಲದೆ ಬೇರೆ ಯಾರೂ ಮಾಡಲಾಗದ ತಪ್ಪು. ಬೇರೆಯವರಾಗಿದ್ದರೆ ನೂರಕ್ಕಿಂತ ಜಾಸ್ತಿ ಎಂದಾಗಲೇ ಅನುಮಾನ ಬರುತ್ತಿತ್ತು.

ತರಗತಿ ಮುಗಿದ ಮೇಲೆ ಪರಾಂಜಪೆ ಸರ್ ಕರೆದರು. ಹತ್ತಿರ ಹೋಗಿ ಕಿವಿಗೊಟ್ಟೆ. ಅವರು ಮರಾಠಿಯಲ್ಲಿ ಹೇಳಿದ್ದು ಸುಮಾರಾಗಿ ಹೀಗೆ: "ಅಹೋ ಮ್ಯಾಡಮ್, ಹೆದರಿಕೆ ತಪ್ಪಲ್ಲ. ನೀವು ಅದನ್ನು ಮೊದಲೇ ಖರ್ಚು ಮಾಡಿಬಿಟ್ಟಿರಿ. ಉತ್ತರ ಬಂದ ಮೇಲೆ ಹೆದರಬೇಕಾಗಿತ್ತು."

ಅದೇ ನನ್ನ ತರಬೇತಿ. ಅಂದಿನಿಂದ ಉತ್ತರ ಬಂದ ಮೇಲೆ ಹೆದರುವುದನ್ನು ಕಲಿತೆ. ಮೆಟ್ಟಿಲೇ ಇಲ್ಲದಿದ್ದರೆ? ಆಗ ಎಲ್ಲ ಕಣಗಳೂ ದಾಟಬೇಕು, ಉತ್ತರ ಹಾಗೆ ಹೇಳುತ್ತದೆಯೇ? ವೇಗ ಸೊನ್ನೆಯಾದರೆ? ತೂಕವೇ ಇಲ್ಲದಿದ್ದರೆ? ಮನೆಯಲ್ಲಿ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವ ಹೆಂಗಸಿಗೆ ಇದು ಹೊಸ ವಿದ್ಯೆಯಲ್ಲ. ಹುಟ್ಟಿನಿಂದ ಬಂದ ರೋಗಕ್ಕೆ ಸಂಬಳ ಸಿಗತೊಡಗಿತು, ಅಷ್ಟೇ. ಎಲ್ಲಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದದ್ದು "ಕಣ ನಿಂತಿದ್ದರೆ?" ಎಂದು. ಮರಾಠಿಯಲ್ಲಿ "ಥಾಂಬ್ಲಂ ತರ್?" ನಾನು ಬೋರ್ಡಿನತ್ತ ತಿರುಗಿದರೆ ಸಾಕು, ಹಿಂದಿನಿಂದ ಯಾರಾದರೂ ನನ್ನದೇ ದನಿಯಲ್ಲಿ "ಥಾಂಬ್ಲಂ ತರ್?" ಎನ್ನುತ್ತಿದ್ದರು. ಹೆಸರು ಅದೇ ಆಯಿತು. ಕ್ಯಾಂಟೀನಿನವನೂ ಒಮ್ಮೆ, "ಥಾಂಬ್ಲಂ ತರ್ ಮ್ಯಾಡಮ್‌ಗೆ ಒಂದು ಚಹಾ" ಎಂದು ಕೂಗಿದ.

ಇನ್ನು ಬಲಮೂಲೆ. ಸಾಪೇಕ್ಷತೆಯಲ್ಲಿ ಕಾಲ ಮತ್ತು ದೇಶ, ಅಂದರೆ ಹೊತ್ತು ಮತ್ತು ಜಾಗ, ಎರಡನ್ನೂ ಒಂದೇ ಲೆಕ್ಕದಲ್ಲಿ ಸೇರಿಸುತ್ತಾರೆ, ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್. ಯಾವುದಕ್ಕೆ ಯಾವುದು ಎಂಬುದು ಬರೆಯುವವರ ಇಷ್ಟ. ಕೆಲವು ಪುಸ್ತಕಗಳು ಕಾಲಕ್ಕೆ ಪ್ಲಸ್ ಕೊಡುತ್ತವೆ, ಕೆಲವು ಮೈನಸ್. ಬಾವಿಯ ದಂಡೆಯಿಂದ ಕೆಳಗೆ ಅಳೆದರೂ ಸರಿ, ತಳದಿಂದ ಮೇಲಕ್ಕೆ ಅಳೆದರೂ ಸರಿ, ಬಾವಿ ಅದೇ. ಅರ್ಧ ಹೀಗೆ, ಅರ್ಧ ಹಾಗೆ ಅಳೆದರೆ ಮಾತ್ರ ಕೊಡ ನೀರಿಗೆ ಮುಟ್ಟುವುದಿಲ್ಲ. ಅದಕ್ಕಾಗಿ ಪರಾಂಜಪೆ ಸರ್ ಒಂದು ಪದ್ಧತಿ ಹಾಕಿದ್ದರು. ಲೆಕ್ಕ ಶುರು ಮಾಡುವ ಮೊದಲು, ಯಾರೇ ಇರಲಿ, ಬೋರ್ಡಿನ ಬಲಮೂಲೆಯಲ್ಲಿ ಒಂದು ಚೌಕ ಎಳೆದು ಅದರೊಳಗೆ ತಮ್ಮ ಒಪ್ಪಂದ ಬರೆಯಬೇಕು: ಕಾಲಕ್ಕೆ ಮೈನಸ್, ದೇಶಕ್ಕೆ ಪ್ಲಸ್. ಅದಕ್ಕೆ ಅವರು ಇಟ್ಟ ಹೆಸರು ಕರಾರು. ಲೆಕ್ಕ ಮುಗಿಯುವವರೆಗೆ ಬೋರ್ಡು ಎಷ್ಟು ಸಲ ಒರೆಸಿದರೂ ಮೂಲೆ ಬಿಟ್ಟು ಒರೆಸಬೇಕು. ಸರ್ ಇರುವವರೆಗೆ ಆ ಮೂಲೆಗೆ ಡಸ್ಟರ್ ತಾಗಿಸುವ ಧೈರ್ಯ ಯಾರಿಗೂ ಇರಲಿಲ್ಲ. ಸರ್ ನಿವೃತ್ತರಾದ ಮೇಲೂ ನನಗಿರಲಿಲ್ಲ.

ಸಾಪೇಕ್ಷತೆಯ ಲೆಕ್ಕಗಳಲ್ಲಿ ಯಾವಾಗಲೂ ಒಂದು ರೈಲು ಇರುತ್ತದೆ. ಪುಸ್ತಕದ ರೈಲು ಯಾವ ಊರಿನದೋ. ನಾನು ಲೋಣಾವಳಾ ಲೋಕಲ್ ತಂದೆ. ಲೋಣಾವಳಾ ಲೋಕಲ್ ಬೆಳಕಿನ ಅರ್ಧ ವೇಗದಲ್ಲಿ ಹೋಗುತ್ತಿದೆ, ಒಳಗೆ ಕುಳಿತವನ ಗಡಿಯಾರ ಎಷ್ಟು ನಿಧಾನ? ತಳೇಗಾಂವದಿಂದ ದಿನವೂ ಅದರಲ್ಲೇ ಬರುತ್ತಿದ್ದ ಹುಡುಗಿಯೊಬ್ಬಳು, "ಮ್ಯಾಡಮ್, ವೇಗದ ಮಾತು ಬಿಡಿ, ಕಾಲ ನಿಧಾನ ಆಗೋದು ಮಾತ್ರ ಖರೆ," ಎಂದಳು. ಆ ಲೆಕ್ಕ ಮತ್ತೆ ಯಾರೂ ಮರೆಯಲಿಲ್ಲ. ಹೊಸಬರಿಗೆ ನನ್ನ ಸಲಹೆ, ಊರಿನ ರೈಲನ್ನೇ ಓಡಿಸಿ.

ಆಮೇಲೆ ಫೋನುಗಳು ಬಂದವು. ಲೆಕ್ಕದ ಫೋಟೋ ಹಿಡಿದರೆ ಪೂರ್ತಿ ಉತ್ತರ ಬರೆದು ತೋರಿಸುವ ಫೋನುಗಳು. ಅದನ್ನು ಮೊದಲ ಸಲ ನೋಡಿದ ದಿನ ಬಸ್ಸಿನಲ್ಲಿ ನಮ್ಮ ಸ್ಟಾಪು ದಾಟಿಹೋದದ್ದು ಗೊತ್ತಾಗಲಿಲ್ಲ. ಇನ್ನು ನಮ್ಮನ್ನು ಯಾರು ಕೇಳುತ್ತಾರೆ ಎಂಬ ಚಿಂತೆ. ಹುಡುಗರು ಅಂಥ ಒಂದು ಉತ್ತರವನ್ನು ತರಗತಿಗೆ ತಂದರು. ಅಕ್ಷರ ಮುತ್ತಿನಂತಿತ್ತು, ಒಂದು ಸಾಲೂ ತಡವರಿಸಿರಲಿಲ್ಲ. ಆದರೆ ಅರ್ಧದವರೆಗೆ ಕಾಲಕ್ಕೆ ಪ್ಲಸ್, ಅಲ್ಲಿಂದ ಮುಂದೆ ಮೈನಸ್. ಎರಡು ಪುಸ್ತಕ ಓದಿ ಎರಡನ್ನೂ ಕಲಸಿತ್ತು. ಫೋನನ್ನು ತಿರುಗಿ ಕೇಳಿದರೆ ಕ್ಷಮೆ ಕೇಳಿ ಇನ್ನೊಂದು ತಪ್ಪನ್ನು ಅಷ್ಟೇ ಸಮಾಧಾನದಿಂದ ಬರೆದುಕೊಟ್ಟಿತು. ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ನಿಶ್ಚಿಂತೆಯಿಂದ ತಪ್ಪು ಮಾಡುವ ಭಾಗ್ಯ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ. ಈಗಿನ ಫೋನುಗಳು ಇನ್ನೂ ಜಾಣವಾಗಿವೆಯಂತೆ. ಇರಬಹುದು. ಉತ್ತರ ಬಂದ ಮೇಲೆ ಹೆದರುವ ಕೆಲಸ ಮಾತ್ರ ಯಾರಾದರೂ ಮಾಡಲೇಬೇಕು.

ಸವಿತಾ ಬಂದದ್ದು ಆ ಕಾಲದಲ್ಲಿ. ತುಮಕೂರಿನವಳು. ಯೆರವಡಾದಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದಳು. ಬೇರೆಯವರು ಬರೆದ ಪ್ರೋಗ್ರಾಮಿಗೆ ಕೊಡಬಾರದ್ದನ್ನೆಲ್ಲ ಕೊಟ್ಟು, ಎಲ್ಲಿ ಮುರಿಯುತ್ತದೆ ಎಂದು ನೋಡುವ ಕೆಲಸ. ಮೊದಲ ದಿನವೇ ನನ್ನ "ಥಾಂಬ್ಲಂ ತರ್?" ಕೇಳಿ ಮುಖ ಅರಳಿಸಿದಳು.

"ಮ್ಯಾಮ್, ಇದು ಎಡ್ಜ್ ಕೇಸ್ ಟೆಸ್ಟಿಂಗ್. ನಾನು ನಾಲ್ಕು ವರ್ಷ ಇದೇ ಮಾಡ್ತಿದ್ದೆ."

"ಹಂಗಾರ ಕೆಲಸಾ ಬಿಟ್ಟು ಯಾಕ ಬಂದಿ? ಅಲ್ಲೇ ಹೆದರಕೋತ ಇರಬೇಕಿತ್ತಿಲ್ಲೋ."

"ನಿಮ್ಮ ಕನ್ನಡ ಅರ್ಧ ಅರ್ಥ ಆಗುತ್ತೆ ಮ್ಯಾಮ್. ಉಳಿದರ್ಧ ಮರಾಠಿ ಅಂದ್ಕೊಂಡ್ಬಿಡ್ತೀನಿ."

"ಮರಾಠಿ ಅಲ್ಲವ್ವಾ, ಅದು ಧಾರವಾಡ."

ಕಾಗದದ ಮೇಲೆ ಅವಳ ಲೆಕ್ಕ ಬಲು ಚೊಕ್ಕ. ಬೋರ್ಡಿನ ಮುಂದೆ ನಿಲ್ಲಿಸಿದರೆ ಬೇರೆಯೇ ಹುಡುಗಿ. ಮೊದಲ ಮೌಖಿಕ ಪರೀಕ್ಷೆಯಲ್ಲಿ ಸೀಮೆಸುಣ್ಣ ಹಿಡಿದು ನಿಂತವಳು ಒಂದಕ್ಷರ ಬರೆಯದೆ ಹೊರಗೆ ಬಂದಿದ್ದಳು. ಲಿಖಿತ ಪರೀಕ್ಷೆಯ ಅಂಕ ನೋಡಿ ಊರಾಚೆಯ ಸಂಶೋಧನಾ ಸಂಸ್ಥೆಯೊಂದು ಸೀಟು ಕೊಟ್ಟಿತ್ತು, ಆ ಬೇಸಗೆಯೊಳಗೆ ಎಂ.ಎಸ್ಸಿ. ಪೂರ್ತಿಯಾಗಬೇಕು ಎಂಬ ಷರತ್ತಿನ ಮೇಲೆ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಆ ಸೀಟಿನ ಮಿತಿ ದಾಟುತ್ತಿತ್ತು. ಹಳೆಯ ಕಂಪನಿ ಅವಳ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಿಯಾಗಿತ್ತು. ಇದನ್ನೆಲ್ಲ ಅವಳು ಖಾಲಿ ತರಗತಿಯಲ್ಲಿ ನನಗೆ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ಅವಳಿಗಿಂತ ಹೆಚ್ಚು ನಾನು ಬೆವತಿದ್ದೆ.

"ಹಿಂದೆ ಯಾರೋ ನೋಡ್ತಿದಾರೆ ಅನ್ನಿಸಿದ್ರೆ ಹ್ಯಾಂಗ್ ಆಗ್ಬಿಡ್ತೀನಿ ಮ್ಯಾಮ್. ಬೆನ್ನಲ್ಲಿ ಚಳಿ ಬರುತ್ತೆ."

"ನನಗೂ ಬರ್ತದ."

"ನಿಮ್ಗಾ? ಇಷ್ಟು ವರ್ಷ ಆದ್ಮೇಲೂ?"

"ಅದಕ್ಕೇ ನಾ ಸ್ವೆಟರ್ ಹಾಕ್ಕೊಂಡು ಬರೂದು."

ಅವಳು ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದಳು. ಏಪ್ರಿಲ್ ತಿಂಗಳು, ಮೈಮೇಲೆ ನಿಜಕ್ಕೂ ಸ್ವೆಟರ್ ಇತ್ತು.

ಅಂದಿನಿಂದ ಮಧ್ಯಾಹ್ನ ಅಭ್ಯಾಸ ಶುರುವಾಯಿತು. ಅವಳು ಬೋರ್ಡಿನ ಮುಂದೆ, ನಾನು ಹಿಂದಿನ ಬೆಂಚಿನಲ್ಲಿ ಕಿಟಕಿಯತ್ತ ಮುಖಮಾಡಿ. ಮೊದಲು ನೋಡದೆ ಕೂರುವುದು, ಆಮೇಲೆ ಆಗಾಗ ನೋಡುವುದು, ಕೊನೆಗೆ ಪೂರ್ತಿ ನೋಡುವುದು. ಮೊದಮೊದಲು ಸೀಮೆಸುಣ್ಣ ಬೋರ್ಡಿನ ಹತ್ತಿರ ಹೋಗಿ ನಿಂತುಬಿಡುತ್ತಿತ್ತು. ಒಂದು ದಿನ, "ಲೆಕ್ಕ ಬಿಡು. ಮೂಲ್ಯಾಗ ಕರಾರು ಅಷ್ಟ ಬರಿ," ಎಂದೆ. ಚೌಕ ಎಳೆದಳು, ಒಳಗೆ ಬರೆದಳು. ಕೈಯ ನಡುಕ ನಿಂತಿತು. ಅಲ್ಲಿಂದ ಮುಂದೆ ಲೆಕ್ಕ ತಾನಾಗಿ ನಡೆಯಿತು.

"ಆ ಬಾಕ್ಸ್ ಬರೆದ್ರೆ ಸಾಕು ಮ್ಯಾಮ್, ಕೈ ಸ್ಟೆಡಿ ಆಗುತ್ತೆ. ಅದೊಂದು ಹೇಗಿದ್ರೂ ತಪ್ಪಾಗಲ್ವಲ್ಲ. ನಮ್ಮ ಕರಾರು, ನಮ್ಮಿಷ್ಟ."

ಪರೀಕ್ಷೆಯ ದಿನ ಬೆಳಗ್ಗೆ ನಮ್ಮವರು, "ಪರೀಕ್ಷಾ ಯಾರದು, ನಿಂದೋ ಆ ಹುಡುಗೀದೋ?" ಎಂದು ಕೇಳಿದರು. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿದ್ದಿತ್ತು.

ನಮ್ಮ ಮೌಖಿಕದಲ್ಲಿ ಇಬ್ಬರು ಪರೀಕ್ಷಕರು. ಹೊರಗಿನವರು ಪ್ರಶ್ನೆ ಕೇಳುತ್ತಾರೆ. ಒಳಗಿನವಳು ನಾನು. ಅವರು ಕೇಳಿ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು, ಕೊನೆಯಲ್ಲಿ ಶಾಸ್ತ್ರಕ್ಕೆ ಒಂದು ಪ್ರಶ್ನೆ ಕೇಳಬಹುದು. ಆ ವರ್ಷ ಬಂದವರು ಬೇರೆ ಊರಿನ ಹಿರಿಯರು. ಮಾತು ಕಡಿಮೆ. ಮೇಜಿನ ಮೇಲೆ ಪೆಪ್ಪರ್‌ಮಿಂಟಿನ ಸಣ್ಣ ಡಬ್ಬಿ ಇಟ್ಟುಕೊಂಡಿದ್ದರು. ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣುಮುಚ್ಚಿ ಕೇಳುವರು. ಹುಡುಗರು ತಪ್ಪು ಹೇಳಿದ ಕೂಡಲೇ ಅದನ್ನು ಕಟ್ ಎಂದು ಕಡಿಯುವರು. ಬೆಳಗಿನಿಂದ ಆ ಸದ್ದು ಬಹಳ ಸಲ ಕೇಳಿತ್ತು. ಪ್ರತಿ ಸಲವೂ ನನ್ನ ಹಲ್ಲು ನೋಯುತ್ತಿತ್ತು.

ಸವಿತಾಳ ಸರದಿ ಬಂತು. ಹೊರಗಿನವರು ಕೈ ತೊಳೆಯಲು ಎದ್ದು ಹೋಗಿದ್ದರು. ಅವಳು ಒಳಗೆ ಬಂದಳು, ನನ್ನತ್ತ ನೋಡಲಿಲ್ಲ, ನೇರ ಬಲಮೂಲೆಗೆ ಹೋಗಿ ಚೌಕ ಎಳೆದು ಕರಾರು ಬರೆದಳು. ಕೈಯ ನಡುಕ ನಿಂತದ್ದು ನನಗೆ ಕಂಡಿತು. ಸಂತೋಷಪಡಬೇಕಾಗಿತ್ತು. ಆದರೆ ನಾನು ನಾನೇ ಅಲ್ಲವೇ? ಪ್ರಶ್ನೆ ಕೊಡುವ ಮೊದಲೇ ಬೋರ್ಡಿನ ಮೇಲೆ ಬರಹವಿದೆ. ಹೊರಗಿನವರು ಬಂದು ನೋಡಿದರೆ? ಒಳಗಿನವಳು ಬರೆಸಿದ್ದಾಳೆ ಎಂದುಕೊಂಡರೆ? ಪ್ರತಿಯೊಬ್ಬರಿಗೂ ಸ್ವಚ್ಛ ಬೋರ್ಡು ಎಂಬ ನಿಯಮ ಬೇರೆ ಇದೆ. ಪರೀಕ್ಷೆಯೇ ರದ್ದಾದರೆ? ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು ಕೇಳಿತು. ಎದ್ದವಳೇ ಡಸ್ಟರ್ ತೆಗೆದುಕೊಂಡು ಬೋರ್ಡನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿ, ಬಂದು ಕುಳಿತೆ.

ಅಷ್ಟು ವರ್ಷ ಮೂಲೆ ಬಿಟ್ಟು ಒರೆಸಿದ ಕೈ.

ಸವಿತಾ ನನ್ನನ್ನು ನೋಡಿದಳು. ನಾನು ಕಣ್ಣಿನಲ್ಲೇ ಏನೋ ಹೇಳಲು ಹೋದೆ. ಹೆದರಿದ ಕಣ್ಣು ಹೆದರಿಕೆಯನ್ನಲ್ಲದೆ ಇನ್ನೇನು ಹೇಳೀತು? ಕರಾರು ಬರೆಯುವುದು ಈ ಸರ್‌ಗೆ ಇಷ್ಟವಿಲ್ಲ, ಬರೆಯಬೇಡ ಎಂದು ಮ್ಯಾಡಮ್ ಸೂಚನೆ ಕೊಟ್ಟರು ಎಂದೇ ಅವಳು ತಿಳಿದಳು.

ಹೊರಗಿನವರು ಕುಳಿತರು, ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡರು, ಪ್ರಶ್ನೆ ಕೊಟ್ಟರು. ಅಲ್ಲಿ ಮಾತು ನಡೆದದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಕಣ ನಿಂತಿದೆ, ಇನ್ನೊಂದು ಓಡಿಬಂದು ಅದಕ್ಕೆ ಬಡಿಯುತ್ತದೆ. ಎರಡೂ ಉಳಿದು, ಜೊತೆಗೆ ಮೂರನೆಯದೊಂದು ಹೊಸ ಕಣ ಹುಟ್ಟಬೇಕಾದರೆ ಓಡಿಬರುವ ಕಣಕ್ಕೆ ಕನಿಷ್ಠ ಎಷ್ಟು ಶಕ್ತಿ ಬೇಕು? ಸವಿತಾ ನಿದ್ದೆಯಲ್ಲೂ ಬಿಡಿಸಬಲ್ಲ ಲೆಕ್ಕ. ಕೈ ನಡುಗುತ್ತಿತ್ತು. ಆದರೂ ಮೊದಲ ಸಾಲು ಬರೆದಳು. ನಮ್ಮ ಕರಾರಿನಲ್ಲಿ ಕಾಲಕ್ಕೆ ಮೈನಸ್, ಹಾಗಾಗಿ ದ್ರವ್ಯರಾಶಿಯ ವರ್ಗದ ಮುಂದೆ ಮೈನಸ್ ಬಂತು.

ಕಟ್.

"ದ್ರವ್ಯರಾಶಿಯ ವರ್ಗಕ್ಕೆ ಮೈನಸ್?" ಹೊರಗಿನವರು ಕಣ್ಣು ತೆರೆದರು. "ಬೆಳಕನ್ನು ಹಿಂದೆ ಹಾಕುವ ಕಣ ತಯಾರು ಮಾಡಿದ್ದೀರಲ್ಲ."

ಸವಿತಾ ಬೋರ್ಡು ನೋಡಿದಳು. ಮೂಲೆ ಖಾಲಿ. ಬೆರಳಿನಿಂದ ಮೈನಸ್ ಅಳಿಸಿದಳು. ಮುಂದೆ ಹೋದಳು. ಆದರೆ ಅಭ್ಯಾಸಬಲದಿಂದ ಕೆಳಗಿನ ಸಾಲುಗಳಲ್ಲಿ ಮೈನಸ್ ಬರುತ್ತಲೇ ಇತ್ತು. ಮೇಲೆ ಒಂದು ಪುಸ್ತಕ, ಕೆಳಗೆ ಇನ್ನೊಂದು. ಉತ್ತರ ಬಂತು. ಹೊಸ ಕಣ ಹುಟ್ಟಲು ಅದರ ಸ್ವಂತ ಮೈಯಷ್ಟೂ ಶಕ್ತಿ ಬೇಡ ಎನ್ನುವ ಉತ್ತರ. ಬಾಣಂತಿಗಿಂತ ಮಗು ಭಾರ. ಅವಳಿಗೂ ಗೊತ್ತಾಯಿತು. ಕೈ ಕೆಳಗೆ ಬಂತು, ಬೆನ್ನು ಹಿಂದಿನ ಸಲದಂತೆ ಬಿಗಿಯಾಯಿತು.

ಹೊರಗಿನವರು ಪೆನ್ನಿನ ಮುಚ್ಚಳ ತೆಗೆದರು. "ನನ್ನದಾಯಿತು. ಮ್ಯಾಡಮ್, ನಿಮ್ಮದೇನಾದರೂ?"

ಹೊಸಬರು ತಿಳಿಯಬೇಕಾದ ಮಾತು ಇದು. ಆ ಗಳಿಗೆಯಲ್ಲಿ ಯಾರು ಸರಿ ಎಂದು ನನಗೂ ಗೊತ್ತಿರಲಿಲ್ಲ. ನಾನೇ ಕಲಿಸಿದ ಲೆಕ್ಕ, ನಾನೇ ಅಳಿಸಿದ ಕರಾರು. ಆದರೂ ಹಿರಿಯರು ಅಷ್ಟು ಖಚಿತವಾಗಿ ಹೇಳಿದ ಮೇಲೆ ಪ್ಲಸ್ಸು ಮೈನಸ್ಸು ಕಣ್ಣ ಮುಂದೆ ನೊಣದಂತೆ ಹಾರಾಡತೊಡಗಿದವು. ಪರಾಂಜಪೆ ಸರ್ ಕಾಲದಿಂದ ನಾನು ಹುಡುಗರಿಗೆ ತಪ್ಪು ಹೇಳಿಕೊಡುತ್ತ ಬಂದಿದ್ದರೆ? ಮೇಜಿನ ಕೆಳಗೆ ಮೊಣಕಾಲ ಮೇಲೆ ಬೆರಳಿನಿಂದ ಬರೆದು ನೋಡಿದೆ. ಕೇಳಿದರೆ ಸಹಾಯ ಮಾಡಿದಂತೆ. ಕೇಳದಿದ್ದರೆ ಹುಡುಗಿಯ ಸೀಟು ಹೋದಂತೆ. ಬಾಯಿ ತೆರೆದೆ. ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ.

"ಥಾಂಬ್ಲಂ ತರ್?" ಎಂದೆ.

ಬಾಗಿಲಾಚೆ ಸರದಿ ಕಾಯುತ್ತಿದ್ದ ಹುಡುಗರು ಕಿಸಕ್ಕನೆ ನಕ್ಕರು. ಹೊರಗಿನವರು ನನ್ನತ್ತ ತಿರುಗಿದರು. ಸವಿತಾ ತಿರುಗಲಿಲ್ಲ. ಅವಳ ಹೆಗಲು ಸ್ವಲ್ಪ ಇಳಿದದ್ದು ಕಂಡಿತು.

"ನಿಂತರೆ," ಎಂದಳು ಬೋರ್ಡಿಗೆ ಹೇಳುವವಳಂತೆ. "ನಿಂತರೆ ವೇಗ ಇಲ್ಲ. ಶಕ್ತಿ ಮಾತ್ರ ಉಳಿಯುತ್ತೆ. ಅದರ ವರ್ಗಕ್ಕೆ ಕಾಲದ ಚಿಹ್ನೆ ಬರಬೇಕು. ನನ್ನ ಕರಾರಿನಲ್ಲಿ ಮೈನಸ್. ಸರ್, ನಿಮ್ಮ ಕರಾರಿನಲ್ಲಿ ಪ್ಲಸ್. ಕಣ ಒಂದೇ. ನಾನು ಮಧ್ಯದಲ್ಲಿ ಎರಡನ್ನೂ ಕಲಸಿದೆ."

ಪೂರ್ತಿ ಬೋರ್ಡು ಒರೆಸಿದಳು. ಬಲಮೂಲೆಗೆ ಹೋಗಿ ಚೌಕ ಎಳೆದಳು. ಹಿರಿಯರ ಚಿಹ್ನೆಗೆ ಬದಲಾಯಿಸಿಕೊಂಡಾಳು ಎಂದುಕೊಂಡೆ, ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಅವಳು ಕಾಲಕ್ಕೆ ಮೈನಸ್ ಎಂದೇ ಬರೆದಳು. ಅಲ್ಲಿಂದ ಸೀಮೆಸುಣ್ಣ ಎಲ್ಲೂ ನಿಲ್ಲಲಿಲ್ಲ. ಉತ್ತರದ ಕೆಳಗೆ ಗೆರೆ ಎಳೆಯದೆ, "ಹೊಸ ಕಣಕ್ಕೆ ತೂಕವೇ ಇಲ್ಲದಿದ್ದರೆ?" ಎಂದು ತನ್ನನ್ನೇ ಕೇಳಿಕೊಂಡಳು. ಸೊನ್ನೆ ಹಾಕಿದಳು. ಬೇಕಾದ ಹೆಚ್ಚುವರಿ ಶಕ್ತಿಯೂ ಸೊನ್ನೆಯಾಯಿತು. ಆಗ ಗೆರೆ ಎಳೆದಳು.

ನಾನು ಕಟ್ ಎಂಬ ಸದ್ದಿಗೆ ಕಾಯುತ್ತಿದ್ದೆ. ಬರಲಿಲ್ಲ. ಹೊರಗಿನವರು ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಸರಿಯಿದೆ," ಎಂದರು. "ಆದರೆ ಇದನ್ನು ಮೊದಲೇ ಆ ಮೂಲೆಯಲ್ಲಿ ಬರೆದಿದ್ದರೆ ನಾನು ಯಾಕೆ ಕೇಳುತ್ತಿದ್ದೆ? ಒಪ್ಪಂದವನ್ನು ಮೊದಲು ಬರೆಯಬೇಕು ಎಂದು ನಿಮಗೆ ಯಾರೂ ಕಲಿಸಿಲ್ಲವೇ?"

ಸವಿತಾ ನನ್ನ ಕಡೆ ನೋಡಿದಳು. "ಮರೆತೆ ಸರ್," ಎಂದಳು.

ನನ್ನ ಸೀರೆಯ ಸೆರಗಿನ ಮೇಲೆ ಇನ್ನೂ ಸೀಮೆಸುಣ್ಣದ ಪುಡಿ ಇತ್ತು.

"ಮರೆತಿರಲಿಲ್ಲ ಸರ್," ಎಂದೆ. "ನೀವು ಬರುವ ಮೊದಲೇ ಬರೆದಿದ್ದಳು. ನಾನೇ ಒರೆಸಿದೆ."

"ಯಾಕೆ?"

"ನೀವು ನೋಡಿದರೆ ಏನೆಂದುಕೊಳ್ಳುತ್ತೀರೋ ಎಂದು."

ಹೊರಗಿನವರು ನನ್ನನ್ನೂ ನೋಡಿದರು, ಮೇ ತಿಂಗಳ ನನ್ನ ಸ್ವೆಟರನ್ನೂ ನೋಡಿದರು. ಪೆಪ್ಪರ್‌ಮಿಂಟಿನ ಡಬ್ಬಿಯನ್ನು ನನ್ನತ್ತ ಸರಿಸಿದರು. ಆಮೇಲೆ ಅಂಕ ಬರೆದರು. ಪಾಸಿಗೆ ಬೇಕಾದದ್ದಕ್ಕಿಂತ ಜಾಸ್ತಿಯೇ ಇತ್ತು.

ಸಂಜೆ ಸವಿತಾ ಕ್ಯಾಂಟೀನ್ ಹತ್ತಿರ ಸಿಕ್ಕಳು. ಅಳುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಾಗಿದ್ದಳು.

"ಮ್ಯಾಮ್, ನೀವು ಒರೆಸಿದ್ದು ಸಿಗ್ನಲ್ ಅಂದ್ಕೊಂಡೆ ನಾನು. ಏನೋ ದೊಡ್ಡ ಕಾರಣ ಇರುತ್ತೆ, ಬರೀಬಾರ್ದು ಅಂತ."

"ಕಾರಣ ಏನಿಲ್ಲವ್ವಾ. ಅಂಜಿದ್ದೆ."

"ಅಷ್ಟೇನಾ?"

"ಅಷ್ಟ."

"ಜೀವ ಹೋಗಿತ್ತು ನಂಗೆ," ಎಂದಳು. ಚಹಾ ಕುಡಿದಳು. ಲೋಟ ಕೆಳಗಿಟ್ಟು, "ನಿಂತರೆ ಅಂತ ಕೇಳ್ದಾಗ ನಿಮ್ಗೆ ಆನ್ಸರ್ ಗೊತ್ತಿತ್ತಾ?" ಎಂದು ಕೇಳಿದಳು.

"ಇಲ್ಲ. ನಿನಗ ಗೊತ್ತಿರಲಿ ಅಂತ ಬೇಡಿಕೋತಿದ್ದೆ."

ಆಗ ನಕ್ಕಳು.

ಸೀಟು ಉಳಿಯಿತು, ಹೋದಳು. ನಾನು ನಿವೃತ್ತಳಾಗಿ ಮನೆಯಲ್ಲಿ ಗ್ಯಾಸಿಗೂ ಲಿಫ್ಟಿಗೂ ಹೆದರಿಕೊಂಡು ಇರುವಾಗ ಈಚೆಗೆ ಒಂದು ದಿನ ಫೋನ್ ಮಾಡಿದಳು. ಅವರ ಸಂಸ್ಥೆಯಲ್ಲಿ ಸಂಶೋಧನೆಯವರು ಕಿರಿಯರಿಗೆ ಲೆಕ್ಕದ ತರಗತಿ ತೆಗೆದುಕೊಳ್ಳಬೇಕಂತೆ, ನಾಳೆ ಅವಳದು ಮೊದಲನೆಯದಂತೆ, ಬಂದು ಹಿಂದೆ ಕೂರಬೇಕಂತೆ. "ಕಿಟಕಿ ಕಡೆ ನೋಡ್ಕೊಂಡು ಕೂತ್ರೆ ಸಾಕು ಮ್ಯಾಮ್," ಎಂದಳು.

ಎರಡು ಬಸ್ಸು ಬದಲಿಸಿ ಹೋದೆ. ಹಿಂದಿನ ಬೆಂಚಿನಲ್ಲಿ ಕುಳಿತೆ. ಅವಳು ಬಲಮೂಲೆಯಲ್ಲಿ ಚೌಕ ಎಳೆದಳು. ಹುಡುಗನೊಬ್ಬ ಎದ್ದು ಒಂದು ಪ್ರಶ್ನೆ ಕೇಳಿದ. ನನಗೆ ಉತ್ತರ ತಿಳಿಯಲಿಲ್ಲ. ಅವಳಿಗೂ ತಿಳಿಯಲಿಲ್ಲ ಎಂಬುದು ಬೆನ್ನಿನಿಂದಲೇ ಕಂಡಿತು. ನಾನು ಬೆಂಚಿನ ಅಂಚು ಬಿಗಿಯಾಗಿ ಹಿಡಿದುಕೊಂಡೆ. ಸೀಮೆಸುಣ್ಣ ಮುರಿಯಿತು. ಬಗ್ಗಿ ತುಂಡು ಎತ್ತಿಕೊಂಡಳು.

"ಗೊತ್ತಿಲ್ಲ," ಎಂದಳು ಆ ಹುಡುಗನಿಗೆ. "ಮೊದಲು ಕಣ ನಿಂತಿದ್ದರೆ ಏನಾಗುತ್ತದೆ, ಅದನ್ನು ನೋಡೋಣ."

ಅಲ್ಲಿಂದ ಗಂಟೆಯಾಗುವವರೆಗೆ ಅರ್ಧದಷ್ಟು ದಾರಿ ಸಾಗಿತು. ಉಳಿದದ್ದು ಮರುದಿನಕ್ಕೆ. ಹುಡುಗರು ಹೊರಟರು. ಅವಳ ಎರಡೂ ಕೈಗಳಲ್ಲಿ ಪುಸ್ತಕಗಳು, ಬೆರಳು ಇನ್ನೂ ನಡುಗುತ್ತಿತ್ತು. ಒಂದಿಷ್ಟು ಉಪಯೋಗಕ್ಕೆ ಬರೋಣ ಎಂದು ಎದ್ದು ಹೋಗಿ ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸತೊಡಗಿದೆ.

"ಮ್ಯಾಡಮ್," ಎಂದಳು ಬಾಗಿಲಲ್ಲಿ ನಿಂತು, ಅಚ್ಚ ಧಾರವಾಡದ ದನಿಯಲ್ಲಿ. "ಮೂಲಿ ಮುಟ್ಟಬ್ಯಾಡ್ರಿ."